ಪ್ರಬಂಧದಲ್ಲಿ ಬಂಗಾರದ ಮನುಷ್ಯ, ಬಸ್ಸಿನಲ್ಲಿ ಪುಷ್ಪ

ತುಮಕೂರು ಜಿಲ್ಲೆಯ ವಿದ್ಯಾರ್ಥಿಗಳಷ್ಟು ಸಜ್ಜನರು ಭೂಮಿ ಮೇಲಿಲ್ಲ. ಬೆಳಗ್ಗೆ ಐದಕ್ಕೆ ಏಳುತ್ತಾರೆ. ಹಲ್ಲುಜ್ಜಿ, ಸ್ನಾನ ಮಾಡಿ, ದೇವರಿಗೆ ಕೈಮುಗಿದು, ತಂದೆತಾಯಿಗೆ ನಮಸ್ಕರಿಸಿ, ಒಂದು ಲೋಟ ಹಾಲು ಕುಡಿದು ಓದಲು ಕೂರುತ್ತಾರೆ. ಸಂಜೆ ಮೈದಾನದಲ್ಲಿ ಆಟ. ರಾತ್ರಿ ಒಂಬತ್ತೂವರೆಗೆ ನಿದ್ದೆ. ಮೆಚ್ಚಿನ ಸಿನಿಮಾ ‘ಬಂಗಾರದ ಮನುಷ್ಯ’. ಕಾರಣ, ಅದು ಕೃಷಿಯ ಮಹತ್ವವನ್ನು ಸಾರುತ್ತದೆ.

ಇದೆಲ್ಲ ಇರುವುದು ಪ್ರಬಂಧದ ಪುಸ್ತಕದಲ್ಲಿ.

ಇದು ಸುಳ್ಳೆಂದು ಬರೆದವನಿಗೆ ಗೊತ್ತು. ತಿದ್ದುವ ಮೇಷ್ಟ್ರಿಗೆ ಗೊತ್ತು. ಸಹಿ ಹಾಕುವ ಅಪ್ಪನಿಗೂ ಗೊತ್ತು. ಆದರೂ ಹತ್ತಕ್ಕೆ ಒಂಬತ್ತು ಅಂಕ. ಒಂದು ಅಂಕ ಕಳೆದದ್ದು ಒತ್ತಕ್ಷರಕ್ಕೆ.

‘ನನ್ನ ದಿನಚರಿ’, ‘ನನ್ನ ಮೆಚ್ಚಿನ ಚಲನಚಿತ್ರ’. ಈ ಎರಡು ವಿಷಯ ಕೊಟ್ಟು ಮಕ್ಕಳಿಗೆ ಬರವಣಿಗೆ ಕಲಿಸುತ್ತಿದ್ದೇವೆ ಎಂದುಕೊಂಡಿದ್ದೇವೆ. ಅವರು ಕಲಿಯುತ್ತಿರುವುದು ಅಫಿಡವಿಟ್ ಬರೆಯುವುದನ್ನು. ಮುಂದೆ ಚುನಾವಣೆಗೆ ನಿಂತಾಗ ಉಪಯೋಗಕ್ಕೆ ಬರುತ್ತದೆ, ಇರಲಿ.

‘ಬಂಗಾರದ ಮನುಷ್ಯ’ ಬಂದದ್ದು 1972ರಲ್ಲಿ. ಬೆಂಗಳೂರಿನ ಸ್ಟೇಟ್ಸ್ ಚಿತ್ರಮಂದಿರದಲ್ಲಿ ಎರಡು ವರ್ಷ ಓಡಿತು. ಅದನ್ನು ನೋಡಿ ಓದಿದ ಹುಡುಗರು ಪಟ್ಟಣ ಬಿಟ್ಟು ಬಂದು ನೇಗಿಲು ಹಿಡಿದರೆಂದು ಇವತ್ತಿಗೂ ಹೇಳುತ್ತಾರೆ. ಒಳ್ಳೆಯದೇ. ಈಗ ಗುಬ್ಬಿ ತಾಲ್ಲೂಕಿನ ಯಾವುದಾದರೂ ತೋಟದ ಮನೆಯಲ್ಲಿ ಒಂದು ಪ್ರಯೋಗ ಮಾಡಿ. ಮಗ ಆ ಸಿನಿಮಾ ನೋಡಿ ಬಂದು, ‘ಅಪ್ಪಾ, ಓದು ಸಾಕು, ನಾನೂ ತೋಟ ಮಾಡ್ತೀನಿ’ ಅನ್ನಲಿ.

‘ತೋಟ ಮಾಡೋನಿಗೆ ಹೆಣ್ಣು ಯಾರ್ಲಾ ಕೊಡ್ತಾರೆ?’

ಅಲ್ಲಿಗೆ ಸಿನಿಮಾದ ನಾಯಕ ರಾಜೀವಪ್ಪನ ಕಥೆ ಮುಗಿಯಿತು. ಪ್ರಬಂಧದಲ್ಲಿ ಬೇಸಾಯ ಶ್ರೇಷ್ಠ. ಮನೆಯಲ್ಲಿ ಬೇಸಾಯ ಶಿಕ್ಷೆ. ‘ಓದ್ಲಿಲ್ಲ ಅಂದ್ರೆ ದನ ಕಾಯೋಕೆ ಹೋಗ್ಬೇಕಾಯ್ತದೆ’ ಎಂದು ಹೆದರಿಸಿ ಬೆಳೆಸಿದ ಮಗನ ಕೈಯಲ್ಲೇ ಕೃಷಿಯ ಮಹತ್ವ ಬರೆಸುತ್ತೇವೆ. ಬರೆಯುತ್ತಾನೆ, ಪಾಪ.

ಐದಕ್ಕೆ ಎದ್ದು ಪ್ರಾರ್ಥನೆ ಮಾಡುವ ಮಕ್ಕಳು ಈ ಜಿಲ್ಲೆಯಲ್ಲಿ ಇಲ್ಲವೇ ಇಲ್ಲ ಎಂದಲ್ಲ. ಸಿದ್ಧಗಂಗಾ ಮಠಕ್ಕೆ ಹೋಗಿ, ಸಾವಿರಗಟ್ಟಲೆ ಸಿಗುತ್ತಾರೆ. ಅಲ್ಲಿ ಎಬ್ಬಿಸುವವರಿದ್ದಾರೆ, ಎಬ್ಬಿಸಿದ ಮೇಲೆ ಅನ್ನ ಹಾಕುವವರೂ ಇದ್ದಾರೆ. ನಾವು ಮಿಕ್ಕವರು ಎಬ್ಬಿಸುವ ಕೆಲಸ ಮಾತ್ರ ಇಟ್ಟುಕೊಂಡೆವು.

ಈಗ ನಿಜವಾದ ದಿನಚರಿಗೆ ಬನ್ನಿ. ಹಾಗಲವಾಡಿ ಕಡೆಯ ಒಂದು ಹಳ್ಳಿ. ಹುಡುಗ ತುಮಕೂರಿನಲ್ಲಿ ಬಿ.ಕಾಂ. ಎರಡನೇ ವರ್ಷ. ಇಂಥವರು ಊರೂರಿಗೂ ಇದ್ದಾರೆ. ಹೆಸರು ಬೇಡ.

ಐದೂವರೆಗೆ ಅವ್ವ ಹಾಲು ಕರೆಯುತ್ತಾಳೆ. ಹಾಲು ಕ್ಯಾನಿಗೆ, ಕ್ಯಾನು ಡೇರಿಗೆ. ಪ್ರಬಂಧದ ಲೋಟದಲ್ಲಿದ್ದ ಹಾಲು ಇದೇ. ಮನೆಯ ಲೋಟಕ್ಕೆ ಬೀಳುವುದು ಕಾಫಿಯ ಬಣ್ಣ ತಿರುಗಿಸುವಷ್ಟು ಮಾತ್ರ. ಹುಡುಗ ಏಳುವುದು ಅವ್ವನ ಮೂರನೇ ಕೂಗಿಗೆ. ಎದ್ದವನೇ ಮೊಬೈಲು ನೋಡುತ್ತಾನೆ. ತಪ್ಪು, ಮಹಾ ತಪ್ಪು. ಜಗಲಿಯಲ್ಲಿ ಕೂತ ಅಪ್ಪನೂ ಮೊಬೈಲನ್ನೇ ನೋಡುತ್ತಿದ್ದಾನೆ. ಆದರೆ ಅದು ಕೊಬ್ಬರಿ ರೇಟು. ರೇಟು ನೋಡಿದ ಮೇಲೂ ಅರ್ಧ ಗಂಟೆ ಅದರಲ್ಲಿ ಏನು ನೋಡುತ್ತಾನೆಂದು ಕೇಳುವ ಧೈರ್ಯ ಆ ಮನೆಯಲ್ಲಿ ಯಾರಿಗೂ ಇಲ್ಲ.

ಏಳಕ್ಕೆ ಬಸ್ಸು.

ಬಸ್ಸು ದೂರದಲ್ಲಿ ಕಾಣುತ್ತದೆ. ಹುಡುಗರು ಬ್ಯಾಗನ್ನು ಎದೆಗೆ ತಿರುಗಿಸಿಕೊಳ್ಳುತ್ತಾರೆ. ಬೆನ್ನಿಗಿದ್ದರೆ ಬಾಗಿಲಲ್ಲಿ ಸಿಕ್ಕಿಕೊಳ್ಳುತ್ತದೆ, ಅನುಭವ. ಡ್ರೈವರ್ ಇವರನ್ನು ನೋಡುತ್ತಾನೆ. ಬ್ಯಾಗು, ಗುಂಪು, ಕೈಯಲ್ಲಿ ಪಾಸು. ಬಸ್ಸಿನ ವೇಗ ಹೆಚ್ಚುತ್ತದೆ. ಸ್ಟಾಪು ದಾಟಿ ಒಂದು ಫರ್ಲಾಂಗು ಮುಂದೆ ನಿಲ್ಲಿಸಿ ಒಬ್ಬ ಅಜ್ಜಿಯನ್ನು ಇಳಿಸುತ್ತಾನೆ. ಹುಡುಗರು ಓಡುತ್ತಾರೆ. ಅಜ್ಜಿಯ ಎರಡನೇ ಕಾಲು ನೆಲ ಮುಟ್ಟುವ ಮೊದಲೇ ‘ರೈಟ್’. ಮುಂದಿದ್ದ ಇಬ್ಬರು ಫುಟ್‌ಬೋರ್ಡಿಗೆ ಜೋತುಬಿದ್ದರು. ಉಳಿದವರು ಧೂಳು ಕುಡಿದರು.

‘ಪಾಸಾ? ಹಿಂದೆ ಇನ್ನೊಂದು ಗಾಡಿ ಬತ್ತಾ ಐತೆ. ಖಾಲಿ ಐತೆ, ಅದರಲ್ಲಿ ಬನ್ರಪ್ಪ.’

ಆ ಖಾಲಿ ಗಾಡಿಯನ್ನು ಈ ರೂಟಿನಲ್ಲಿ ಕಣ್ಣಾರೆ ಕಂಡವರಿಲ್ಲ.

ಪಾಸೇನು ಭಿಕ್ಷೆಯಾಗಿ ಬಂದದ್ದಲ್ಲ. ಸೇವಾಸಿಂಧುವಿನಲ್ಲಿ ಅರ್ಜಿ. ಸರ್ವರ್ ಡೌನ್. ಮತ್ತೆ ಅರ್ಜಿ. ಕಾಲೇಜಿನ ಒಪ್ಪಿಗೆ. ದುಡ್ಡು ಕಟ್ಟಿ, ಕ್ಯೂ ನಿಂತು ತಂದದ್ದು. ಅದನ್ನು ತೋರಿಸಿದರೆ ಕಂಡಕ್ಟರ್ ಮುಖ ಸಿಂಡರಿಸುತ್ತಾನೆ. 2023ರ ಜೂನ್ 11ರಿಂದ ಹೆಂಗಸರಿಗೆ ಬಸ್ಸು ಪುಕ್ಕಟೆಯಾಯಿತು, ಆಗಲಿ, ಒಳ್ಳೆಯ ಕೆಲಸ. ಹತ್ತುವವರು ಹೆಚ್ಚಿದರು. ಹಳ್ಳಿಯ ರೂಟಿನಲ್ಲಿ ಗಾಡಿ ಮಾತ್ರ ಅವೇ. 2025ರ ಜನವರಿಯಲ್ಲಿ ಟಿಕೆಟ್ ದರವನ್ನು ಶೇ. 15 ಏರಿಸಿದರು. ಗಾಡಿ ಆಗಲೂ ಅವೇ. ಹುಡುಗರು ವರ್ಷಕ್ಕೊಂದು ಸಲ ರಸ್ತೆಗೆ ಅಡ್ಡ ಕೂರುತ್ತಾರೆ. ಅಧಿಕಾರಿ ಬಂದು ‘ಶೀಘ್ರದಲ್ಲೇ ಹೆಚ್ಚುವರಿ ಬಸ್’ ಎನ್ನುತ್ತಾರೆ. ಮಾರನೇ ದಿನ ಪೇಪರಿನಲ್ಲಿ ಫೋಟೊ ಬರುತ್ತದೆ. ಬಸ್ಸು ಬರುವುದಿಲ್ಲ.

ಇದೇ ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲ್‌ನಲ್ಲಿ 615 ಎಕರೆಯ ಎಚ್‌ಎಎಲ್ ಹೆಲಿಕಾಪ್ಟರ್ ಕಾರ್ಖಾನೆ ಇದೆ. 2016ರಲ್ಲಿ ಶಂಕುಸ್ಥಾಪನೆ, 2023ರ ಫೆಬ್ರುವರಿ 6ರಂದು ಉದ್ಘಾಟನೆ. ಎರಡಕ್ಕೂ ಪ್ರಧಾನಿಯೇ ಬಂದರು. ಹೆಲಿಕಾಪ್ಟರ್ ತಯಾರಾಗುವ ತಾಲ್ಲೂಕಿನಲ್ಲಿ ಹುಡುಗ ಫುಟ್‌ಬೋರ್ಡಿನಲ್ಲಿ ನೇತಾಡುತ್ತಾನೆ. ತುಮಕೂರಿಗೆ ಮೆಟ್ರೊ ತರುವ ಕಾರ್ಯಸಾಧ್ಯತಾ ವರದಿಯೂ ತಯಾರಾಗಿದೆಯಂತೆ. ಏಳರ ಬಸ್ಸಿನ ಕಾರ್ಯಸಾಧ್ಯತೆ ನೋಡುವುದಕ್ಕೆ ಮಾತ್ರ ಯಾರಿಗೂ ಪುರುಸೊತ್ತಿಲ್ಲ. ಅಂದ ಹಾಗೆ, ಸಮಾವೇಶಕ್ಕೆ ಜನ ತುಂಬಲು ಯಾವ ಪಕ್ಷಕ್ಕೂ ಬಸ್ಸಿನ ಕೊರತೆ ಆದದ್ದನ್ನು ನಾವಂತೂ ನೋಡಿಲ್ಲ.

ಬಸ್ಸು ಸಿಕ್ಕಿತು ಅನ್ನಿ. ಒಂದು ಕೈ ಕಂಬಿಗೆ, ಇನ್ನೊಂದರಲ್ಲಿ ಮೊಬೈಲು. ಮೆಚ್ಚಿನ ಚಲನಚಿತ್ರ ಶುರುವಾಗುವುದು ಇಲ್ಲಿ. ‘ಕೆಜಿಎಫ್’ನ ಡೈಲಾಗು ಮೂವತ್ತು ಸೆಕೆಂಡು. ‘ಪುಷ್ಪ’ ಗಡ್ಡದ ಕೆಳಗೆ ಕೈ ಸವರುವುದು ಹದಿನೈದು ಸೆಕೆಂಡು. ನಡುವೆ ಯಾರದೋ ಮದುವೆಯ ಡ್ಯಾನ್ಸು, ಒಂದು ಜಾಹೀರಾತು, ಆಮೇಲೆ ‘ಕಾಂತಾರ’ದ ಕೂಗು. ಬಸ್ಸು ಹಳ್ಳಕ್ಕೆ ಇಳಿದಾಗ ಬೆರಳು ಜಾರುತ್ತದೆ. ಸಿನಿಮಾ ಬದಲಾಗುತ್ತದೆ.

‘ಕಾಂತಾರ’ ಎಷ್ಟು ಸಲ ನೋಡಿದ್ದೀಯಾ ಎಂದು ಕೇಳಿ. ‘ಲೆಕ್ಕ ಇಲ್ಲ ಸಾರ್’ ಎನ್ನುತ್ತಾನೆ. ಪೂರ್ತಿ ನೋಡಿದ್ದೀಯಾ ಎಂದು ಕೇಳಿ. ಸುಮ್ಮನಾಗುತ್ತಾನೆ.

‘ಈಗಿನ ಹುಡುಗರಿಗೆ ಏಕಾಗ್ರತೆ ಅನ್ನೋದೇ ಇಲ್ಲ ಕಣ್ರೀ.’ ಇದನ್ನು ಹೇಳುವ ಹಿರಿಯರು ಆ ವಾಕ್ಯ ಮುಗಿಸುವಷ್ಟರಲ್ಲಿ ಎರಡು ಸಲ ವಾಟ್ಸಾಪ್ ನೋಡಿರುತ್ತಾರೆ. ಮೂರು ಗಂಟೆಯ ಸಿನಿಮಾವನ್ನು ಕೂತು ನೋಡುವ ಜಾಗ ಅವನ ದಿನದಲ್ಲಿ ಎಲ್ಲಿದೆ, ತೋರಿಸಿ. ಬೆಳಗ್ಗೆ ರಸ್ತೆ, ಹಗಲು ಕಾಲೇಜು, ಸಂಜೆ ಮತ್ತೆ ರಸ್ತೆ, ರಾತ್ರಿ ಮನೆ. ಸಿನಿಮಾ ಹಿಡಿಸದಂಥ ದಿನವನ್ನು ಅವನಿಗೆ ಕಟ್ಟಿಕೊಟ್ಟವರು ನಾವು. ಆ ದಿನವನ್ನು ಹಾಳುಮಾಡಿದ್ದು ಸಿನಿಮಾ ಎಂದು ಅಳುವವರೂ ನಾವೇ.

ಕಾಲೇಜು ಎಂದೆನಲ್ಲ, ಅಲ್ಲಿ ಏನು ನಡೆಯುತ್ತದೆ ನೋಡೋಣ.

2021ರಲ್ಲಿ ಡಿಗ್ರಿ ನಾಲ್ಕು ವರ್ಷ ಎಂದರು. ಹೊಸ ಶಿಕ್ಷಣ ನೀತಿ, ದೇಶಕ್ಕೇ ಮೊದಲು ಕರ್ನಾಟಕ ಎಂದು ಬೆನ್ನು ತಟ್ಟಿಕೊಂಡರು. 2024ರಲ್ಲಿ ಸರ್ಕಾರ ಬದಲಾಗಿತ್ತು, ಮತ್ತೆ ಮೂರೇ ವರ್ಷ ಎಂದರು. ಒಂದೇ ಮನೆಯ ಅಣ್ಣನಿಗೊಂದು ಪಠ್ಯ, ತಮ್ಮನಿಗೊಂದು ಪಠ್ಯ. ಅಣ್ಣನ ಪುಸ್ತಕ ತಮ್ಮನಿಗೆ ಆಗುವುದಿಲ್ಲ. ರದ್ದಿಗೆ ಆಗುತ್ತದೆ. ಇದರಿಂದ ವಿದ್ಯಾರ್ಥಿಯ ಭವಿಷ್ಯ ಕೆಟ್ಟಿತೆಂದು ಯಾವ ವೇದಿಕೆಯಲ್ಲೂ ಯಾರೂ ಅಳಲಿಲ್ಲ.

ಸರ್ಕಾರಿ ಪದವಿ ಕಾಲೇಜುಗಳು ನಿಂತಿರುವುದು ಅತಿಥಿ ಉಪನ್ಯಾಸಕರ ಹೆಗಲ ಮೇಲೆ. ವರ್ಷಗಟ್ಟಲೆ ಬಂದು ಪಾಠ ಮಾಡುವ ಅತಿಥಿಗಳು ಇವರು. 2023ರ ಕೊನೆಗೆ, ಸೇವೆ ಕಾಯಂ ಮಾಡಿ ಎಂದು ತರಗತಿ ಬಿಟ್ಟು ಹೋರಾಟಕ್ಕೆ ಕೂತರು. ಹೊಸ ವರ್ಷಕ್ಕೆ ಇದೇ ತುಮಕೂರಿನಿಂದ ಬೆಂಗಳೂರಿಗೆ ಕಾಲ್ನಡಿಗೆಯಲ್ಲಿ ಹೊರಟರು. ಅವರ ತಪ್ಪೇನಿಲ್ಲ. ಅಷ್ಟು ದಿನ ಖಾಲಿ ಬೆಂಚಿನ ಮುಂದೆ ಖಾಲಿ ಕುರ್ಚಿ ಇತ್ತು. ಆದರೆ ಹುಡುಗನ ಹಾಜರಾತಿ ಮಾತ್ರ ಶೇ. 75 ಇರಲೇಬೇಕು. ಮೇಷ್ಟ್ರ ಹಾಜರಾತಿಗೆ ಸರ್ಕಾರ ಹೊಣೆಯಲ್ಲ.

ಹಾಸ್ಟೆಲ್‌ನಲ್ಲಿ ಇದ್ದು ಓದಬಾರದೇ ಎನ್ನುತ್ತೀರಿ. 2023ರಲ್ಲಿ ‘ಹಾಸ್ಟೆಲ್ ಹುಡುಗರು ಬೇಕಾಗಿದ್ದಾರೆ’ ಎಂಬ ಸಿನಿಮಾ ಬಂತು, ಹುಡುಗರು ಬಿದ್ದು ಬಿದ್ದು ನಕ್ಕರು. ನಿಜವಾದ ಹಾಸ್ಟೆಲ್‌ಗಳಿಗೆ ಹುಡುಗರು ಬೇಕಾಗಿಲ್ಲ. ಅರ್ಜಿ ಹಾಕಿ, ಪಟ್ಟಿಯಲ್ಲಿ ಹೆಸರು ಹುಡುಕಿ, ವಾಪಸು ಏಳರ ಬಸ್ಸಿಗೆ ಬನ್ನಿ.

ಈಗ ಪ್ರಿನ್ಸಿಪಾಲರ ವಿಷಯ. ಯಾವ ಕಾಲೇಜು ಎಂದು ಕೇಳಬೇಡಿ, ನಿಮ್ಮ ಮಗ ಓದುವ ಕಾಲೇಜೇ ಅಂದುಕೊಳ್ಳಿ. ಜೂನ್ ತಿಂಗಳ ಸ್ವಾಗತ ಭಾಷಣದಲ್ಲಿ ಅವರು ಹೇಳುತ್ತಾರೆ: ‘ಸಿನಿಮಾ, ಮೊಬೈಲು ಬಿಡಿ. ಪುಸ್ತಕ ಹಿಡಿಯಿರಿ.’ ಚಪ್ಪಾಳೆ. ಭಾಷಣ ಮುಗಿದ ಕೂಡಲೇ ಪ್ರಕಟಣೆ: ಟೈಂಟೇಬಲ್, ಫೀಸಿನ ಲಿಂಕು, ನೋಟ್ಸು ಎಲ್ಲ ವಾಟ್ಸಾಪ್ ಗುಂಪಿನಲ್ಲಿ ಬರುತ್ತದೆ, ತಪ್ಪದೆ ಸೇರಿಕೊಳ್ಳಿ. ಮೊಬೈಲು ಬಿಟ್ಟು ಸೇರುವುದು ಹೇಗೆಂದು ಹೇಳಲಿಲ್ಲ.

ಮಾರ್ಚಿನಲ್ಲಿ ವಾರ್ಷಿಕೋತ್ಸವ. ಮುಖ್ಯ ಅತಿಥಿ ಯಾರು? ವಿಜ್ಞಾನಿಯೇ? ಲೇಖಕನೇ? ಚಿತ್ರನಟ. ಬಿ.ಎಚ್. ರಸ್ತೆಯುದ್ದಕ್ಕೂ ಫ್ಲೆಕ್ಸು. ಫ್ಲೆಕ್ಸಿನಲ್ಲಿ ನಟನ ಮುಖ ಬಾಗಿಲಿನಗಲ, ಸಂಸ್ಥಾಪಕರ ಮುಖ ಕಿಟಕಿಯಗಲ, ರ‍್ಯಾಂಕ್ ಬಂದ ಹುಡುಗಿಯ ಮುಖ ಅಂಚೆಚೀಟಿಯಷ್ಟು. ಹತ್ತು ಗಂಟೆಯ ಸಮಾರಂಭಕ್ಕೆ ನಟ ಬರುವುದು ಒಂದೂವರೆಗೆ. ಅಷ್ಟು ಹೊತ್ತು ಹುಡುಗರು ಬಿಸಿಲಲ್ಲಿ. ಬಂದವನು ಒಂದು ಡೈಲಾಗು ಹೊಡೆದು, ‘ಚೆನ್ನಾಗಿ ಓದಿ, ಅಪ್ಪ ಅಮ್ಮನ್ನ ಚೆನ್ನಾಗಿ ನೋಡ್ಕಳಿ’ ಎಂದು ಕೈಬೀಸಿ ಹೋಗುತ್ತಾನೆ. ಮೊದಲ ಸೆಲ್ಫಿ ಪ್ರಿನ್ಸಿಪಾಲರದು.

ಚಿತ್ರತಂಡ ಹಾಡಿನ ಬಿಡುಗಡೆಗೆ ಕಾಲೇಜಿಗೆ ಬಂದರೆ ಕ್ಲಾಸು ರದ್ದು. ಅದಕ್ಕೆ ಪಠ್ಯೇತರ ಚಟುವಟಿಕೆ ಎಂಬ ಹೆಸರು. ಶುಕ್ರವಾರ ಹುಡುಗ ಅದೇ ಸಿನಿಮಾಕ್ಕೆ ಹೋದರೆ ಬಂಕು. ಮನೆಗೆ ಫೋನು. ‘ನಿಮ್ಮ ಮಗನ ನಡತೆ ಸರಿ ಇಲ್ಲ, ಬಂದು ಕಾಣಿ.’

ಕಾಣಲು ಹೋಗುವ ಅಪ್ಪ ಯಾವ ಕಾಲದವನು? ಲೆಕ್ಕ ಹಾಕಿ. ನಲವತ್ತೆಂಟರ ಆಸುಪಾಸು. 1995ರಲ್ಲಿ ‘ಓಂ’ ಬಂದಾಗ ಅವನು ಪಿಯುಸಿಯಲ್ಲಿದ್ದ. ಉಪೇಂದ್ರ ನಿಜವಾದ ರೌಡಿಗಳನ್ನೇ ತಂದು ತೆರೆಯ ಮೇಲೆ ನಿಲ್ಲಿಸಿದ ಸಿನಿಮಾ ಅದು. ಅದನ್ನು ಮತ್ತೆ ಮತ್ತೆ ನೋಡಿದವನು, ತಲೆಗೂದಲು ಶಿವಣ್ಣನ ಹಾಗೆ ಬಿಟ್ಟವನು, ಈಗ ಮಗನಿಗೆ ಹೇಳುತ್ತಾನೆ: ‘ರೌಡಿ ಸಿನಿಮಾ ನೋಡಿ ಕೆಟ್ಟೋಗ್ತಿದೀಯ ಕಣ್ಲಾ.’

ದೊಡ್ಡಪ್ಪನದು ‘ಪ್ರೇಮಲೋಕ’ದ ಕಾಲ, 1987. ಕಾಲೇಜು ಎಂದರೆ ಬೈಕು ಮತ್ತು ಹಾಡು ಎಂದು ನಂಬಿದ ತಲೆಮಾರು. ಅವನು ಈಗ ಸಂಜೆ ಟ್ಯೂಷನ್ ನಡೆಸುತ್ತಾನೆ, ಶಿಸ್ತಿಗೆ ಹೆಸರುವಾಸಿ. ತಾತನನ್ನೂ ಬಿಡುವಂತಿಲ್ಲ. ಅವರದು 1972ರ ‘ನಾಗರಹಾವು’. ಕಾಪಿ ಹೊಡೆದು ಸಿಕ್ಕಿಬಿದ್ದ ರಾಮಾಚಾರಿ, ಹಿಡಿದ ಪ್ರಿನ್ಸಿಪಾಲರನ್ನು ರಾತ್ರಿ ಕಂಬಕ್ಕೆ ಕಟ್ಟಿಹಾಕುತ್ತಾನೆ. ತಾತ ಚಪ್ಪಾಳೆ ಹೊಡೆದರು, ನಾಡಿಗೆ ನಾಡೇ ಹೊಡೆಯಿತು. ಐವತ್ತೆರಡು ವರ್ಷ ಕಳೆದು, 2024ರಲ್ಲಿ ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ಕ್ಯಾಮೆರಾ ಇಟ್ಟು ವೆಬ್‌ಕಾಸ್ಟಿಂಗ್ ಮಾಡಿದರು. ಫಲಿತಾಂಶ ನೆಲಕ್ಕೆ ಬಿತ್ತು, ಕೃಪಾಂಕ ಕೊಟ್ಟು ಎತ್ತಿದರು. ಹಿಂದಿನ ವರ್ಷಗಳ ಫಲಿತಾಂಶವನ್ನು ಎತ್ತಿ ಹಿಡಿದಿದ್ದವರು ಯಾರೆಂದು ಇಲಾಖೆ ಹುಡುಕಲಿಲ್ಲ. ರಾಮಾಚಾರಿಗಳು ಒಬ್ಬಿಬ್ಬರಾದರೆ ಹುಡುಕಬಹುದಿತ್ತು.

ಹೇಳುವುದು ಆಚಾರ, ತಿನ್ನುವುದು ಬದನೆಕಾಯಿ. ಮೂವರು ತಿಂದ ಬದನೆಕಾಯಿ ಈಗ ನಾಲ್ಕನೆಯವನ ತಟ್ಟೆಯಲ್ಲಿ ಮಾತ್ರ ವಿಷವಾಗಿದೆ.

ಸರಿ, ಹುಡುಗ ಶನಿವಾರ ಮಧ್ಯಾಹ್ನ ನ್ಯಾಯವಾಗಿ ದುಡ್ಡು ಕೊಟ್ಟು ಸಿನಿಮಾ ನೋಡಲಿ ಅನ್ನಿ. ಎಷ್ಟು ದುಡ್ಡು? ಮಲ್ಟಿಪ್ಲೆಕ್ಸಿನಲ್ಲಿ ಟಿಕೆಟ್ ಒಂದು ಬೆಲೆ, ಪಾಪ್‌ಕಾರ್ನ್ ಅದಕ್ಕಿಂತ ಹೆಚ್ಚು. ಸರ್ಕಾರಕ್ಕೂ ಕನಿಕರ ಬಂದಿತ್ತು. 2017ರಲ್ಲಿ 200 ರೂಪಾಯಿ ಮಿತಿ ಹಾಕಿತು. ಕೋರ್ಟಿನ ಮೆಟ್ಟಿಲ ಮೇಲೆ ಅದು ಕಾಲು ಮುರಿದುಕೊಂಡಿತು. 2025ರ ಬಜೆಟ್‌ನಲ್ಲಿ ಮತ್ತೆ ಅದೇ 200. ಎರಡೂ ಸಲ ಮುಖ್ಯಮಂತ್ರಿ ಸಿದ್ದರಾಮಯ್ಯನವರೇ. ಸೆಪ್ಟೆಂಬರ್‌ನಲ್ಲಿ ಆದೇಶ ಬಂತು, ಅದೇ ತಿಂಗಳ 23ಕ್ಕೆ ಹೈಕೋರ್ಟಿನ ತಡೆಯೂ ಬಂತು. ಒಂಬತ್ತು ದಿನ ಕಳೆದು, ಅಕ್ಟೋಬರ್ 2ಕ್ಕೆ ‘ಕಾಂತಾರ: ಅಧ್ಯಾಯ 1’ ಬಂತು. ಮೊದಲ ವಾರ ಟಿಕೆಟ್ ಎಷ್ಟಿತ್ತೆಂದು ಕೊಂಡವರನ್ನು ಕೇಳಿ. ಎಂಟು ವರ್ಷ ಯೋಚಿಸಿ, ಮತ್ತೆ ಅದೇ ಮೆಟ್ಟಿಲಲ್ಲಿ ಎಡವುವಂಥ ಆದೇಶ ಬರೆಯಲು ವಿಶೇಷ ಪ್ರತಿಭೆ ಬೇಕು.

ಹುಡುಗ ಟೆಲಿಗ್ರಾಂ ಲಿಂಕು ಹುಡುಕುತ್ತಾನೆ. ಕಳ್ಳ ಎನ್ನುತ್ತಾರೆ. ಹೌದು. ತೆರೆಯ ಮೇಲೆ ರಕ್ತಚಂದನದ ಮರ ಕದಿಯುವವನಿಗೆ ಮಾತ್ರ ಶಿಳ್ಳೆ.

‘ಒಳ್ಳೆಯ ಕನ್ನಡ ಸಿನಿಮಾ ನೋಡ್ರಯ್ಯಾ’ ಎಂಬ ಉಪದೇಶ ಇನ್ನೊಂದು. ಸಹಾಯಧನ ಪಡೆದದ್ದು, ಪ್ರಶಸ್ತಿ ಪಡೆದದ್ದು, ಹೊರದೇಶದ ಉತ್ಸವಕ್ಕೆ ಹೋಗಿಬಂದದ್ದು. ಎಲ್ಲಿವೆ ಸ್ವಾಮಿ ಅವು? ತುಮಕೂರಿಗೆ ಬಂದರೆ ಬೆಳಗಿನ ಒಂದೇ ಆಟ, ಅದೂ ಕ್ಲಾಸಿನ ಹೊತ್ತು. ಮುಂದಿನ ಶುಕ್ರವಾರದೊಳಗೆ ಪೋಸ್ಟರ್ ಮೇಲೆ ಇನ್ನೊಂದು ಪೋಸ್ಟರ್. ಗುಬ್ಬಿ, ಕುಣಿಗಲ್‌ನ ಕಡೆ ಅವು ಮುಖ ಹಾಕುವುದೂ ಅಪರೂಪ. ನೋಡಲು ಸಿಗದ ಸಿನಿಮಾವನ್ನು ನೋಡಲಿಲ್ಲವೆಂದು ಹುಡುಗನಿಗೆ ಅಭಿರುಚಿಯ ಪಾಠ. ಡಬ್ಬಿಂಗ್ ಬಂದರೆ ಕನ್ನಡ ಸಾಯುತ್ತದೆಂದು ದಶಕಗಟ್ಟಲೆ ಬಾಗಿಲು ಹಾಕಿದ್ದವರು ನಾವು. ಹುಡುಗ ತೆಲುಗು ಕಲಿತು ‘ಪುಷ್ಪ’ ನೋಡಿದ. ಪಾವಗಡದ ಕಡೆಯವನಿಗೆ ಕಲಿಯುವ ಶ್ರಮವೂ ಇಲ್ಲ.

ಇನ್ನು ಹಾಲು. 2025ರ ಏಪ್ರಿಲ್ 1ರಿಂದ ನಂದಿನಿ ಹಾಲಿಗೆ ಲೀಟರಿಗೆ 4 ರೂಪಾಯಿ ಏರಿತು. ಏರಿದ್ದು ರೈತರಿಗೇ ಎಂದರು. ಸಿನಿಮಾ ಬಿಡುಗಡೆಯ ಬೆಳಗ್ಗೆ ಹುಡುಗರ ಗುಂಪು ಚಂದಾ ಎತ್ತಿ ಪ್ಯಾಕೆಟ್ಟು ತಂದು, ಹಲ್ಲಿನಿಂದ ಕಚ್ಚಿ, ಕಟೌಟಿನ ನೆತ್ತಿಗೆ ಸುರಿಯುತ್ತದೆ. ಅವ್ವ ಐದೂವರೆಗೆ ಕರೆದ ಹಾಲು ಮಲ್ಲಸಂದ್ರದ ಡೇರಿ ಸುತ್ತಿ ಬಂದು ಮಗನ ಕೈಯಿಂದ ಚರಂಡಿಗೆ ಸೇರಿತು. ಇಲ್ಲಿ ಹುಡುಗನ ಪರ ವಾದಿಸಲು ನನ್ನಿಂದಾಗದು. ಕಪಾಳಕ್ಕೆ ಬಿಗಿಯಬೇಕು. ಆದರೆ ಬಿಗಿಯುವವರು ಯಾರು? ನಾಯಕರ ಹುಟ್ಟುಹಬ್ಬಕ್ಕೆ ಕ್ರೇನ್ ತಂದು ಸೇಬಿನ ಹಾರ ಹಾಕಿದವರೇ?

ಇಷ್ಟು ಹೊತ್ತು ಹುಡುಗನ ಮಾತಾಯಿತು. ಹುಡುಗಿಯರ ದಿನಚರಿಯನ್ನು ಪ್ರಬಂಧದಲ್ಲೂ ಯಾರೂ ಸರಿಯಾಗಿ ಓದಿಲ್ಲ.

ಹುಲಿಯೂರುದುರ್ಗ ಕಡೆಯ ಹುಡುಗಿ, ಕುಣಿಗಲ್‌ನಲ್ಲಿ ಡಿಗ್ರಿ. ಐದಕ್ಕೆ ನಿಜವಾಗಿ ಏಳುವವಳು ಇವಳೊಬ್ಬಳೇ. ಓದಲಿಕ್ಕಲ್ಲ. ಬಾಗಿಲಿಗೆ ನೀರು, ರಂಗೋಲಿ, ಕೊಟ್ಟಿಗೆ, ತಮ್ಮನ ಡಬ್ಬಿ. ತನ್ನ ಡಬ್ಬಿ ಸಮಯ ಉಳಿದರೆ. ಕುಣಿಗಲ್‌ನ ಕುದುರೆ ಫಾರಂ ಟಿಪ್ಪುವಿನ ಕಾಲದಿಂದ ಹೆಸರುವಾಸಿ. ಅಲ್ಲಿನ ರೇಸು ಕುದುರೆಗೆ ಹೊತ್ತಿಗೆ ಸರಿಯಾಗಿ ಮೇವು, ಮಾಲೀಸು, ಡಾಕ್ಟರು. ರಸ್ತೆಯಲ್ಲಿ ಬಸ್ಸಿಗೆ ಕಾಯುವ ಹುಡುಗಿಗೆ ಹತ್ತನೇ ಕ್ಲಾಸಿನ ತನಕ ಬಿಸಿಯೂಟ ಇತ್ತು. ಪಿಯುಸಿಗೆ ಸೇರಿದ ದಿನದಿಂದ ಮಕ್ಕಳಿಗೆ ಹಸಿವು ನಿಂತುಹೋಗುತ್ತದೆಂಬುದು ಸರ್ಕಾರದ ತಿಳಿವಳಿಕೆ.

ಅವಳ ಮೆಚ್ಚಿನ ಸಿನಿಮಾ ‘ಸು ಫ್ರಮ್ ಸೋ’. ನೋಡಿಲ್ಲ. ಕ್ಲಾಸಿನ ಹುಡುಗರು ಹೇಳಿಕೊಂಡು ನಕ್ಕಾಗ ಹಿಂದಿನ ಬೆಂಚಿನಲ್ಲಿ ಅವಳೂ ನಕ್ಕಿದ್ದಾಳೆ.

ಸರ್ಕಾರ ಅವಳಿಗೆ ಬಸ್ಸು ಪುಕ್ಕಟೆ ಮಾಡಿದೆ. ಧರ್ಮಸ್ಥಳಕ್ಕೆ ಹೋಗಲಿ, ಎಡೆಯೂರಿಗೆ ಹೋಗಲಿ, ಮನೆಯಲ್ಲಿ ತಕರಾರಿಲ್ಲ. ತುಮಕೂರಿಗೆ ಸಿನಿಮಾಕ್ಕೆ ಹೋಗ್ತೀನಿ ಎಂದರೆ ಮೊದಲ ಪ್ರಶ್ನೆ, ‘ಯಾರ ಜೊತೆ?’ ಎರಡನೆಯದು, ‘ಯಾವನ ಜೊತೆ?’

ಮನೆಯಲ್ಲಿ ಟಿ.ವಿ. ಇದೆಯಲ್ಲ ಎನ್ನುತ್ತಾರೆ. ಇದೆ. ಏಳರಿಂದ ಹತ್ತರವರೆಗೆ ಧಾರಾವಾಹಿ. ಅತ್ತೆ ಪಾಯಸಕ್ಕೆ ವಿಷ ಬೆರೆಸುತ್ತಾಳೆ. ನಾದಿನಿ ಮೆಟ್ಟಿಲಿಗೆ ಎಣ್ಣೆ ಸುರಿಯುತ್ತಾಳೆ. ಅಪ್ಪ, ಅಜ್ಜಿ, ಮಕ್ಕಳು ಸಾಲಾಗಿ ಕೂತು ನೋಡುತ್ತಾರೆ. ಅದರಿಂದ ಯಾರೂ ಕೆಡುವುದಿಲ್ಲ. ಸಿನಿಮಾ ನೋಡಿದರೆ ಹುಡುಗಿ ಕೆಡುತ್ತಾಳೆ.

ಒಂದು ಸಣ್ಣ ವಿಷಯ. 2025ರಲ್ಲಿ ಹೇಮಾವತಿ ಲಿಂಕ್ ಕೆನಾಲ್ ವಿಚಾರಕ್ಕೆ ಗುಬ್ಬಿ ಕಡೆಯವರು ಬೀದಿಗಿಳಿದರು, ಕುಣಿಗಲ್ ಕಡೆಯವರು ನಮ್ಮ ಪಾಲು ಎಂದರು. ದೊಡ್ಡವರು ನೀರಿಗೆ ಬಡಿದಾಡುವಾಗ ತುಮಕೂರಿನ ಕಾಲೇಜಿನಲ್ಲಿ ಎರಡೂ ತಾಲ್ಲೂಕಿನ ಹುಡುಗರು ಒಂದೇ ಬೆಂಚಿನಲ್ಲಿ ಕೂತು, ಒಬ್ಬನ ಹಾಟ್‌ಸ್ಪಾಟಿನಲ್ಲಿ ನಾಲ್ವರು ಟ್ರೇಲರ್ ನೋಡುತ್ತಿದ್ದರು. ಕೆಟ್ಟುಹೋದ ಹುಡುಗರು ಎನ್ನುವುದು ಇವರನ್ನೇ.

ಗುಬ್ಬಿ ಎಂದಾಗ ಒಬ್ಬರ ಹೆಸರು ಹೇಳದೆ ಬಿಡುವಂತಿಲ್ಲ. ಭಾಷಣಕಾರರೂ ಬಿಡುವುದಿಲ್ಲ. ಗುಬ್ಬಿ ವೀರಣ್ಣ.

1884ರಲ್ಲಿ ಈ ಸಣ್ಣ ಊರಿನಲ್ಲಿ ಶುರುವಾದ ನಾಟಕ ಕಂಪನಿ ಮುಂದೆ ಅವರದಾಯಿತು. ‘ಕುರುಕ್ಷೇತ್ರ’ಕ್ಕೆ ನಿಜವಾದ ಆನೆ ಕುದುರೆಗಳನ್ನು ರಂಗಕ್ಕೆ ತಂದ ಗಟ್ಟಿಗ. 1954ರ ‘ಬೇಡರ ಕಣ್ಣಪ್ಪ’ದ ಹಿಂದೆ ಇದ್ದದ್ದು ಅವರೇ. ಮುತ್ತುರಾಜ ರಾಜಕುಮಾರ್ ಆದದ್ದು ಅದರಲ್ಲಿ. ತಿಪಟೂರಿನ ನರಸಿಂಹರಾಜು ತೆರೆಗೆ ಬಂದದ್ದೂ ಅದರಲ್ಲಿ. ಇವರೆಲ್ಲ ಕಾಲೇಜಿನ ಬಾಗಿಲು ಕಂಡವರಲ್ಲ. ರಾಜಕುಮಾರ್ ಪ್ರಾಥಮಿಕ ಶಾಲೆಯನ್ನೂ ಮುಗಿಸಿರಲಿಲ್ಲ. 1976ರಲ್ಲಿ ಮೈಸೂರು ವಿಶ್ವವಿದ್ಯಾಲಯ ಕರೆದು ಡಾಕ್ಟರೇಟ್ ಕೊಟ್ಟಿತು. ಶಾಲೆ ಬಿಟ್ಟವರ ಫೋಟೊಕ್ಕೆ ಹಾರ ಹಾಕಿ, ಅದೇ ವೇದಿಕೆಯಿಂದ ‘ಕಲೆ ಗಿಲೆ ಎಂದು ಮಾರ್ಕ್ಸ್ ಕಳೆದುಕೊಳ್ಳಬೇಡಿ’ ಎನ್ನಲು ನಮಗೆ ನಾಚಿಕೆಯಾಗುವುದಿಲ್ಲ.

ಇನ್ನೊಂದು ಸಂಗತಿ ಇದೆ. ಅದನ್ನು ಭಾಷಣಗಳಲ್ಲಿ ಹೇಳುವುದಿಲ್ಲ. ದಕ್ಷಿಣ ಕನ್ನಡದ ಹುಡುಗನೊಬ್ಬ ಮನೆ ಬಿಟ್ಟು ಓಡಿಬಂದು ಗುಬ್ಬಿ ಕಂಪನಿ ಸೇರಿದ. ಹೆಸರು ಬಿ.ವಿ. ಕಾರಂತ. ವೀರಣ್ಣನವರಿಗೆ ಅವನಿಂದ ಪಾತ್ರ ಮಾಡಿಸಿಕೊಂಡು, ಪರದೆ ಎಳೆಸಿಕೊಂಡು ಇಟ್ಟುಕೊಳ್ಳಬಹುದಿತ್ತು. ಅವರು ಅವನನ್ನು ಓದಿಕೊಂಡು ಬಾ ಎಂದು ಬನಾರಸ್ಸಿಗೆ ಕಳಿಸಿದರು. ಅವನು ಎಂ.ಎ. ಮಾಡಿದ. ಮುಂದೆ ರಾಷ್ಟ್ರೀಯ ನಾಟಕ ಶಾಲೆಯ ನಿರ್ದೇಶಕನಾದ, ‘ಚೋಮನ ದುಡಿ’ಗೆ ಸ್ವರ್ಣ ಕಮಲ ತಂದ, ಮೈಸೂರಿನಲ್ಲಿ ರಂಗಾಯಣ ಕಟ್ಟಿದ.

ನಾಟಕ ಕಂಪನಿಯ ಮಾಲೀಕ ಬಣ್ಣ ಹಚ್ಚಲು ಬಂದ ಹುಡುಗನನ್ನು ಓದಲು ಕಳಿಸಿದ. ಇವತ್ತಿನ ಕಾಲೇಜಿನ ಮಾಲೀಕ ಓದಲು ಬಂದ ಹುಡುಗನನ್ನು ನಟನ ಕಾರಿಗೆ ಹೂವೆರಚಲು ಬಿಸಿಲಲ್ಲಿ ನಿಲ್ಲಿಸುತ್ತಾನೆ.

ತುಮಕೂರಿನಲ್ಲಿ ವೀರಣ್ಣನವರ ಹೆಸರಿನ ಕಲಾಕ್ಷೇತ್ರವಿದೆ. ಜಯಂತಿಗಳು, ಸನ್ಮಾನಗಳು, ಇಲಾಖೆಯ ಕಾರ್ಯಾಗಾರಗಳು, ಶಾಲು, ಹಾರ, ಪೇಟ. ಹುಡುಗರನ್ನು ಅಲ್ಲಿಗೂ ಕರೆದೊಯ್ಯುತ್ತಾರೆ, ಕುರ್ಚಿ ತುಂಬಲು. ಅಟೆಂಡೆನ್ಸ್ ಕೊಡುತ್ತಾರೆ.

ಕಲಾಕ್ಷೇತ್ರ ನಡೆಸುವವರಲ್ಲಿ, ಕಾಲೇಜು ನಡೆಸುವವರಲ್ಲಿ, ಜಿಲ್ಲೆ ನಡೆಸುವವರಲ್ಲಿ ಒಂದು ಮನವಿ. ತಿಂಗಳಿಗೊಂದು ಶನಿವಾರ ಆ ಕಲಾಕ್ಷೇತ್ರದಲ್ಲಿ ಒಂದು ಕನ್ನಡ ಸಿನಿಮಾ ಹಾಕಿ. ಹುಡುಗಿಯರಿಗೂ ಹುಡುಗರಿಗೂ. ‘ಬಂಗಾರದ ಮನುಷ್ಯ’ ಆದರೂ ಸರಿ, ಅದರ ಬಗ್ಗೆ ಪ್ರಬಂಧ ಬರೆದವರಲ್ಲಿ ಎಷ್ಟೋ ಮಂದಿ ಅದನ್ನು ನೋಡಿಲ್ಲ. ಮಧ್ಯಾಹ್ನ ಎರಡಕ್ಕೆ ಶುರುಮಾಡಿ ಐದರೊಳಗೆ ಮುಗಿಸಿ. ಉದ್ಘಾಟನೆ, ಪ್ರಾಸ್ತಾವಿಕ, ಅಧ್ಯಕ್ಷೀಯ ಭಾಷಣ ಯಾವುದೂ ಬೇಡ. ಅವರಿಗೆ ಬಸ್ಸು ಹಿಡಿಯಬೇಕು.